ಮೊದಲ ಬೆಂಚಿಗೆ ಕೊಟ್ಟ ನೀರು

ನನಗೊಂದು ಚಟವಿದೆ. ತಂಬಾಕು, ಇಸ್ಪೀಟು ಅಂಥದ್ದಲ್ಲ. ತಂಬಾಕನ್ನು ಹಲ್ಲುಗಳ ಜೊತೆಗೇ ಕಳೆದುಕೊಂಡೆ, ಇಸ್ಪೀಟನ್ನು ಕನ್ನಡಕದ ಜೊತೆ. ಇದು ಬೇರೆಯೇ. ಮನೆಗೆ ಬಂದವರಿಗೆ ನೀರು ಕೊಡುವಾಗ ತಂಬಿಗೆಯ ಕೊರಳು ಹಿಡಿದ ನನ್ನ ಬೆರಳುಗಳು ಸುಮ್ಮನಿರುವುದಿಲ್ಲ. ಒಂದು ಏಳುತ್ತದೆ, ಎರಡು ಕೂರುತ್ತವೆ, ಮತ್ತೆ ಮೂರು ಏಳುತ್ತವೆ. ನನಗೆ ಗೊತ್ತೇ ಆಗುವುದಿಲ್ಲ.

ಮೊನ್ನೆ ಸೊಸೆ ಬೀಗರೆದುರಿಗೇ ಕೇಳಿಬಿಟ್ಟಳು: "ಮಾವಾರ, ಅದೇನ್ ತಂಬಗಿನೋ ಕೊಳಲೋ? ನೀರ ಕೊಡಾಕತ್ತೀರೋ, ಊದಾಕತ್ತೀರೋ?"

ಬೀಗರು ನಕ್ಕರು. ನಾನೂ ನಕ್ಕೆ. ನಕ್ಕು, ಹಿತ್ತಲಿಗೆ ಹೋಗಿ ಕಟ್ಟೆಯ ಮೇಲೆ ಕೂತು, ಇಷ್ಟು ವರ್ಷ ಯಾರಿಗೂ ಬರೆದು ಹೇಳದಿದ್ದ ಈ ಮಾತನ್ನು ಬರೆದೇ ಬಿಡಬೇಕೆಂದು ಗಟ್ಟಿ ಮಾಡಿಕೊಂಡೆ. ಇದು ಕೊಳಲಿನ ವಿದ್ಯೆಯಲ್ಲ. ಪರೀಕ್ಷೆಯ ವಿದ್ಯೆ.

ನಾನು ಸಿಪಾಯಿಯಾಗಿದ್ದದ್ದು ಒಂದು ಸರಕಾರಿ ಪ್ರೌಢಶಾಲೆಯಲ್ಲಿ. ಹೆಸರು ಬೇಡ. ತಪ್ಪು ನನ್ನದು, ಕಟ್ಟಡದ್ದಲ್ಲ. ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಕೂತರೆ, ಅರಭಾವಿ ದಾಟಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಹಳದಿ ಬಣ್ಣದ ಗೋಡೆಯೊಂದು ಕಂಡು ಮಾಯವಾಗುತ್ತದೆ, ಅಂಥ ಹಲವು ಶಾಲೆಗಳಲ್ಲಿ ಒಂದು ಅಂತ ಇಟ್ಟುಕೊಳ್ಳಿ. ಗಂಟೆ ಬಾರಿಸುವುದು, ಬೀಗ ತೆಗೆಯುವುದು, ಹೆಡ್‌ಮಾಸ್ತರರಿಗೆ ಚಹಾ ತರುವುದು, ಬೆಂಚಿನ ಮೇಲೆ ಹೆಸರು ಕೆತ್ತಿದವನನ್ನು ಹುಡುಕುವುದು ನನ್ನ ಕೆಲಸ. ಕೊನೆಯದು ಸುಲಭ. ಕಳ್ಳ ತನ್ನ ಹೆಸರನ್ನೇ ಕೆತ್ತಿರುತ್ತಿದ್ದ.

ನನ್ನ ಓದೂ ಅಲ್ಲಿಗಲ್ಲಿಗೆ. ಹುಕ್ಕೇರಿಯ ಸೋದರಮಾವನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದವನು. ಮುಗಿಸಿದೆ ಎಂದರೆ ಮೂರನೆಯ ಸಲಕ್ಕೆ. ಮೊದಲ ಎರಡು ಸಲ ಗಣಿತ ನನ್ನನ್ನು ಮುಗಿಸಿತು. ಮಾವ ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಬಾಯಿಗೆ ಮೊಸರು ಹಾಕಿ ಹೇಳುತ್ತಿದ್ದ: "ಹ್ವಾದ ವರ್ಷದ ಮೊಸರ ಹುಳಿ ಇತ್ತು, ಈ ಸಲ ಸಿಹಿ ಐತಿ, ಹೋಗು." ಮೂರನೆಯ ಸಲ ಪಾಸಾದಾಗ ಮಾವ ಎಮ್ಮೆಗೆ ಕುಂಕುಮ ಹಚ್ಚಿದ. ನನಗಲ್ಲ. ಅವನ ಲೆಕ್ಕದಲ್ಲಿ ಯಾರು ಪಾಸಾದದ್ದು ಎಂದು ಆಗಲೇ ಗೊತ್ತಾಯಿತು.

ಇಂಥವನ ಬೆರಳ ತುದಿಗೆ ಒಂದು ಊರಿನ ಮಕ್ಕಳ ಗಣಿತವನ್ನು ಕಟ್ಟಿದರು. ಅದು ಹೇಗೆಂದು ಹೇಳುತ್ತೇನೆ.

ಮಾರ್ಚಿ, ಏಪ್ರಿಲ್ ತಿಂಗಳ ಬಿಸಿಲು. ಪರೀಕ್ಷಾ ಕೋಣೆಯಲ್ಲಿ ಮಕ್ಕಳಿಗೆ ನೀರು ಕುಡಿಸಲು ಒಬ್ಬನು ಬೇಕು. ಅವನು ಒಳಗೆ ಹೋಗಬಹುದು, ಹೊರಗೆ ಬರಬಹುದು, ಯಾರೂ ಕೇಳುವುದಿಲ್ಲ. ಪ್ರಶ್ನೆಪತ್ರಿಕೆಯ ಮೊದಲ ಭಾಗದಲ್ಲಿ ನಾಲ್ಕು ಉತ್ತರ ಕೊಟ್ಟು ಸರಿಯಾದದ್ದನ್ನು ಆರಿಸಿ ಬರೆಯಿರಿ ಎನ್ನುವ ಪ್ರಶ್ನೆಗಳಿರುತ್ತವಲ್ಲ, ಅವಕ್ಕೆ ನಾನು. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ವಿಷಯ ಗೊತ್ತಿದ್ದವರೊಬ್ಬರು ಕೂತು ಪ್ರಶ್ನೆ ಬಿಡಿಸುತ್ತಿದ್ದರು. ನಾನು ಕೊಡ ತುಂಬಿಸುವ ನೆಪದಲ್ಲಿ ಹೋಗಿ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದೆ. ಮಗು ಗ್ಲಾಸಿನಲ್ಲಿ ನೀರು ಕುಡಿಯುವಾಗ ತಂಬಿಗೆ ಅದರ ಕಣ್ಣೆದುರಿಗೇ ಇರುತ್ತದೆ. ಒಂದು ಬೆರಳು ಎತ್ತಿದರೆ ಮೊದಲನೆಯ ಉತ್ತರ, ಎರಡು ಎತ್ತಿದರೆ ಎರಡನೆಯದು. ಕೋಣೆಯ ಮೇಲ್ವಿಚಾರಕರು ಆ ಹೊತ್ತಿಗೆ ಕಿಟಕಿಯಾಚೆಯ ಕಬ್ಬಿನ ಬೆಳೆ ನೋಡುತ್ತಿದ್ದರು. ನಮ್ಮ ಕಡೆಯ ಕಬ್ಬನ್ನು ಅಷ್ಟು ಪ್ರೀತಿಯಿಂದ ರೈತರೂ ನೋಡಿರಲಿಕ್ಕಿಲ್ಲ.

ಮಕ್ಕಳು ನನ್ನನ್ನು ನೀರಿನ ಕಾಕಾ ಎನ್ನುತ್ತಿದ್ದರು. ಒಂದೊಂದು ಗ್ಲಾಸನ್ನು ಐದು ಪ್ರಶ್ನೆಯ ಹೊತ್ತು ಗುಟುಕು ಗುಟುಕಾಗಿ ಕುಡಿಯುವವರು, ಸಾಲದವರು ಇನ್ನೊಂದು ಗ್ಲಾಸು ಬೇಡುವವರು. ಕೊನೆಯ ಗಂಟೆ ಬಾರಿಸಿದ ಕೂಡಲೇ ಅರ್ಧ ಕೋಣೆ ಕಾಂಪೌಂಡಿನ ಹಿಂದಕ್ಕೆ ಓಡುತ್ತಿತ್ತು. ಹೊರಗೆ ನಿಂತ ತಂದೆತಾಯಿಗಳು "ಪೇಪರ್ ಬಾಳ ಅವಸರ ಇತ್ತೇನೋ" ಎಂದು ಮಾತಾಡಿಕೊಳ್ಳುತ್ತಿದ್ದರು.

ನಾನು ಇದನ್ನು ಪುಣ್ಯದ ಕೆಲಸ ಎಂದೇ ತಿಳಿದಿದ್ದೆ. ನನಗೆ ಯಾರೂ ಕೊಡದ ನೀರನ್ನು ನಾನು ಕೊಡುತ್ತಿದ್ದೇನೆ ಎಂಬ ಹೆಮ್ಮೆ. ನಮ್ಮ ಶಾಲೆಯ ರಿಸಲ್ಟು ತಾಲೂಕಿನಲ್ಲೇ ಮೇಲಿತ್ತು. ಶಾಲು ಹೊದಿಸುವುದು ಹೆಡ್‌ಮಾಸ್ತರರಿಗೆ. ಆದರೆ ವೇದಿಕೆಯಿಂದ ಇಳಿಯುವಾಗ ಅವರು ನನ್ನ ಕಡೆ ನೋಡಿ ಒಂದು ಸಲ ಹುಬ್ಬು ಹಾರಿಸುತ್ತಿದ್ದರು. ಅದೇ ನನ್ನ ಶಾಲು.

ಈಗ ಮಹಾದೇವಿಯ ಮಾತಿಗೆ ಬರುತ್ತೇನೆ. ಬರದೆ ಸುತ್ತು ಹೊಡೆಯುತ್ತಿದ್ದೇನೆ ಎಂದು ನಿಮಗೆ ಗೊತ್ತಾಗಿರಬೇಕು.

ಇಪ್ಪತ್ತು ವರ್ಷದ ಹಿಂದಿನ ಮಾತು. ಮಹಾದೇವಿ ಕುರಿ ಕಾಯುವವರ ಮನೆಯ ಹುಡುಗಿ. ಊರ ಹೊರಗೆ ಅವರ ದೊಡ್ಡಿ. ಬೆಳಿಗ್ಗೆ ಮರಿಗಳಿಗೆ ಸೊಪ್ಪು ಹಾಕಿ ಬರುತ್ತಿದ್ದುದರಿಂದ ದಿನಾ ಪ್ರಾರ್ಥನೆ ಮುಗಿದ ಮೇಲೇ ಬರುವವಳು. ಗೇಟಿನಲ್ಲಿ ಬೈಯುವವನು ನಾನೇ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ವಿಜ್ಞಾನ ಅಷ್ಟಕ್ಕಷ್ಟೆ, ಗಣಿತದಲ್ಲಿ ಮಾತ್ರ ನಿಧಾನಕ್ಕೆ, ತನ್ನದೇ ದಾರಿಯಲ್ಲಿ, ಹೋಗಿ ಮುಟ್ಟುತ್ತಿದ್ದಳು. ಪರೀಕ್ಷಾ ಕೋಣೆಯಲ್ಲಿ ಅವಳಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಮೊದಲ ಬೆಂಚು.

ಗಣಿತದ ಪರೀಕ್ಷೆಯ ದಿನ ಬೇವಿನ ಮರದ ಕೆಳಗೆ ಕಲಿತುಕೊಂಡೆ: ಎರಡು, ಮೂರು, ಒಂದು, ನಾಲ್ಕು, ಮೂರು. ಹಾದಿಯುದ್ದಕ್ಕೂ ಜಪ. ವರಾಂಡಾಕ್ಕೆ ಕಾಲಿಡುವುದಕ್ಕೂ ಗೇಟಿನಲ್ಲಿ ಸ್ಕ್ವಾಡಿನ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಕೈಯಲ್ಲಿ ಕೊಡ ತುಳುಕಿತು, ಜಪವೂ ತುಳುಕಿತು. ಏನೂ ಆಗದವನ ಹಾಗೆ ಒಳಗೆ ಹೋಗಿ ಮೊದಲ ಬೆಂಚಿಗೆ ಗ್ಲಾಸು ಕೊಟ್ಟೆ. ಬೆರಳು ಎತ್ತಿದೆ: ಮೂರು, ಒಂದು, ನಾಲ್ಕು, ಮೂರು.

ಮಹಾದೇವಿ ನನ್ನ ಬೆರಳು ನೋಡಿದಳು, ತನ್ನ ಉತ್ತರಪತ್ರಿಕೆ ನೋಡಿದಳು. ಅವಳು ಆ ನಾಲ್ಕನ್ನೂ ಆಗಲೇ ಬರೆದಿದ್ದಳು. ಮತ್ತೆ ನನ್ನ ಮುಖ ನೋಡಿದಳು. ಕಣ್ಣಲ್ಲೇ ಕೇಳಿದಳು, ಖರೇನಾ ಎಂದು. ನಾನು ಗಟ್ಟಿಯಾಗಿ ಗೋಣು ಹಾಕಿದೆ. ಅವಳು ಪೆನ್ನು ತೆಗೆದು ನಾಲ್ಕನ್ನೂ ಅಡ್ಡಗೆರೆ ಎಳೆದು ಹೊಡೆದಳು. ಪಕ್ಕದಲ್ಲಿ ನಾನು ಹೇಳಿದ್ದನ್ನು ಬರೆದಳು.

ಐದನೆಯ ಉತ್ತರಕ್ಕೆ ಬೆರಳು ಎತ್ತಬೇಕು, ಜಪದಲ್ಲಿ ಉತ್ತರವೇ ಉಳಿದಿಲ್ಲ. ಆಗ ತಿಳಿಯಿತು, ಮೊದಲಿನ 'ಎರಡು' ವರಾಂಡಾದಲ್ಲೇ ಬಿದ್ದುಹೋಗಿದೆ. ಎಲ್ಲವೂ ಒಂದೊಂದು ಮನೆ ಮುಂದೆ ಸರಿದಿದೆ. ಅವಳು ಮೊದಲು ಬರೆದು ಹೊಡೆದುಹಾಕಿದ ಉತ್ತರಗಳೇ ಸರಿ.

ಆ ಕ್ಷಣದಲ್ಲಿ ನಾನು ಏನಾದರೂ ಮಾಡಬಹುದಿತ್ತು. ಕೆಮ್ಮಬಹುದಿತ್ತು. ತಲೆಯನ್ನು ಅಡ್ಡ ಆಡಿಸಬಹುದಿತ್ತು. ನಾನು ಮಾಡಿದ್ದು ಇಷ್ಟು: ನೀರು ಮುಗಿಯಿತು ಎಂದು ಹೊರಗೆ ಹೋದೆ. ಮತ್ತೆ ಪಾಠ ಕಲಿತು ಬಂದೆ. ಅಷ್ಟರಲ್ಲಿ ಸ್ಕ್ವಾಡಿನ ಸಾಹೇಬರು ಬಾಗಿಲ ಬಳಿ, ಅವಳ ಬೆಂಚಿನ ಹತ್ತಿರವೇ, ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಹಿಂದಿನ ಬೆಂಚಿನಿಂದ ಶುರು ಮಾಡಿದೆ. ಅವರ ಬೆನ್ನ ಹಿಂದೆ ಉಳಿದವರಿಗೆಲ್ಲ ಸರಿಯಾದ ಉತ್ತರ ಕೊಟ್ಟೆ. ಮೊದಲ ಬೆಂಚಿಗೆ ಬರುವಾಗ ತಂಬಿಗೆಯನ್ನು ಸೆರಗಿನಲ್ಲಿ ಕೂಸು ಮುಚ್ಚಿದ ಹಾಗೆ ಟವೆಲಿನಲ್ಲಿ ಮುಚ್ಚಿಕೊಂಡು ದಾಟಿದೆ.

ಮೂರು ಅಂಕಕ್ಕೆ ಮಹಾದೇವಿ ನಪಾಸಾದಳು. ಆ ಕೋಣೆಯಲ್ಲಿ ಗಣಿತದಲ್ಲಿ ಉಳಿದದ್ದು ಅವಳೊಬ್ಬಳೇ. ಮರುಪರೀಕ್ಷೆ ಬರೆಯಬಹುದಿತ್ತು. ಮಾಸ್ತರರು ದೊಡ್ಡಿಯವರೆಗೂ ಹೋಗಿ ಹೇಳಿದರು, ಜೊತೆಗೆ ನಾನೂ ಇದ್ದೆ. ಅವಳೇ ಹೇಳಿದಳು: "ಬ್ಯಾಡ್ರಿ ಸರ. ಎಲ್ಲಾರೂ ಪಾಸಾಗ್ಯಾರ, ನಾ ಒಬ್ಬಾಕಿನ ಫೇಲ್ ಆಗೇನಿ ಅಂದ್ರ ನನಗ ತಲಿ ಇಲ್ಲಂತ ಆತಲ್ರಿ." ನಾನು ಬಾಜೂಕ್ಕೆ ಕಟ್ಟಿದ್ದ ಟಗರಿನ ಕೊಂಬು ನೋಡುತ್ತ ನಿಂತಿದ್ದೆ. ಮರುವರ್ಷ ಅದೇ ಊರಿನಲ್ಲಿ ಲಕ್ಕಪ್ಪನೊಂದಿಗೆ ಅವಳ ಮದುವೆಯಾಯಿತು. ಊಟಕ್ಕೆ ಹೋದೆ. ನೀರು ಬಡಿಸಲು ಹೇಳಿದರು, ಕೈ ನೋವು ಎಂದೆ.

ಆಮೇಲೆ ನೀರು ಕೊಡುವುದನ್ನು ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ನಿವೃತ್ತಿಯಾಗುವವರೆಗೂ ಕೊಟ್ಟೆ. ಜಪವನ್ನು ಎರಡು ಸಲ ಒಪ್ಪಿಸಿ ಹೋಗುವ ರೂಢಿ ಮಾಡಿಕೊಂಡೆ, ಅಷ್ಟೇ ನನ್ನ ಸುಧಾರಣೆ.

ಈಗ ಕಾಲ ಬೇರೆ. ಪರೀಕ್ಷಾ ಕೋಣೆಯ ಮೂಲೆಯಲ್ಲಿ ಕ್ಯಾಮೆರಾ ಇದೆ. ದೂರದ ಆಫೀಸಿನಲ್ಲಿ ಕೂತವರಿಗೆ ನಮ್ಮ ಮಕ್ಕಳು ತಲೆ ಕೆರೆದುಕೊಳ್ಳುವುದೂ ಕಾಣುತ್ತದೆ. ಕ್ಯಾಮೆರಾ ಬಂದ ವರ್ಷ ನಮ್ಮ ಶಾಲೆಯ ರಿಸಲ್ಟು ಬುಡಸಮೇತ ಬಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತವರು ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಕಾಕಾ, ನೀವ ಇದ್ದಾಗ ಸಾಲಿ ಹೆಂಗಿತ್ರಿ! ನಿಮ್ಮ ಕೈಗುಣ ದೊಡ್ಡದು."

"ಈಗಿನ ಮಾಸ್ತರ್‌ಗೆ ಕಲಸಾಕ ಬರೂದಿಲ್ಲ ಬಿಡ್ರಿ."

ಅವರು ಹೊಗಳಿದಷ್ಟೂ ಚಹಾ ಕಹಿಯಾಯಿತು. ಈಗಿನವರು ಬೆಳಿಗ್ಗೆ ಏಳಕ್ಕೆ ಬಂದು ವಿಶೇಷ ತರಗತಿ ಮಾಡುತ್ತಾರೆ. ಗಣಿತದ ಟೀಚರ್ ಎಳೆಯ ಹೆಣ್ಣುಮಗಳು, ಗೋಕಾಕದಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಆಕೆ ಕಲಿಸುತ್ತಾಳೆ. ಕಲಿಸದವರು ನಾವು.

ದಸರೆ ರಜೆ ಮುಗಿದ ಮೇಲೆ ಶಾಲೆಯಲ್ಲಿ ಪಾಲಕರ ಸಭೆ ಸೇರಿತು. ಜಮಖಾನೆ ಹಾಸಲು ನನ್ನನ್ನೇ ಕರೆದರು, ಹಳೆಯ ಎತ್ತಿಗೆ ಗಾಣದ ದಾರಿ ಗೊತ್ತಲ್ಲ. ಟೀಚರ್ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಿದ್ದಳು. ಮಹಾದೇವಿ ಎದ್ದು ನಿಂತಳು. ಕೂದಲಲ್ಲಿ ಒಂದೆರಡು ಬಿಳಿ ಎಳೆ. ಅವಳ ಮಗಳು ಭಾಗ್ಯಾ ಹತ್ತನೆಯ ತರಗತಿಯಲ್ಲಿದ್ದಾಳೆ, ರಜೆ ಮುಗಿದಾಗಿನಿಂದ ಶಾಲೆಗೆ ಬಂದಿಲ್ಲ.

"ಯಾಕ್ರಿ ಅಕ್ಕಾ, ಹುಡುಗಿ ಯಾಕ ಬರವಲ್ಲಳು?"

"ದೀಪಾವಳಿ ಆದ ಮ್ಯಾಲ ಕುರಿ ಹೊರಗ ಹೋಗ್ತಾವ್ರಿ ಟೀಚರ್. ಅಪ್ಪನ ಕೂಡ ಕಳಸ್ತೀನಿ. ರೊಟ್ಟಿ ಬಡಿಯಾಕ ಒಬ್ರು ಬೇಕಲ್ರಿ."

"ಪರೀಕ್ಷಾ?"

"ಬರದು ಏನ್ ಮಾಡ್ತಾಳ್ರಿ? ನನ್ನ ಹೊಟ್ಟ್ಯಾಗ ಹುಟ್ಟಿದ್ದು. ನಮ್ಮ ವಂಶಕ್ಕ ಗಣಿತ ಇಲ್ರಿ. ನೀರಿನ ಕಾಕಾ ಅದಾರಲ್ಲ, ಅವರನ್ನ ಕೇಳ್ರಿ. ಇಡೀ ಸಾಲಿ ಪಾಸಾದಾಗ ಫೇಲ್ ಆದಾಕಿ ನಾ."

ಜನ ನಕ್ಕರು. ಅವಳೂ ನಕ್ಕಳು. ನಕ್ಕು ನಕ್ಕು ಆ ಮಾತು ಅವಳಿಗೆ ರೂಢಿಯಾಗಿಬಿಟ್ಟಿತ್ತು. ನನ್ನ ಕೈಯಲ್ಲಿದ್ದ ಜಮಖಾನೆಯ ತುದಿಯನ್ನು ಮಡಚುವುದು ಹೇಗೆಂದೇ ತೋಚಲಿಲ್ಲ. ನಾನು ಕಸಿದದ್ದು ನಾಲ್ಕು ಅಂಕ ಎಂದು ತಿಳಿದಿದ್ದೆ. ಅದು ಬೆಳೆದು ಮಗಳವರೆಗೂ ಬಂದು ನಿಂತಿತ್ತು. ನಾನು ಬಾಯಿ ಬಿಡದಿದ್ದರೆ ಆ ಹುಡುಗಿ ಹೋಗುತ್ತಾಳೆ. ಹೆದರಿಕೊಂಡೇ ಆದರೂ ಬಾಯಿ ಬಿಡಲೇಬೇಕು ಎಂದು ನಿರ್ಧರಿಸಿದೆ.

ಮರುದಿನ ಬೆಳಿಗ್ಗೆ ಲಕ್ಕಪ್ಪನ ದೊಡ್ಡಿಗೆ ಹೋದೆ. ನಿರ್ಧಾರವೇನೋ ಗಟ್ಟಿಯಾಗಿತ್ತು, ನಾಲಿಗೆ ಮಾತ್ರ ಮಳೆಯಾಗಿದೆಯಾ, ಮರಿ ಎಷ್ಟು ಹಾಕಿದವು, ಉಣ್ಣೆಗೆ ಏನು ರೇಟು ಎಂದು ಊರು ಸುತ್ತಿತು. ಮಹಾದೇವಿ ಚಹಾ ಕೊಟ್ಟಳು. ಎರಡನೆಯ ಸಲ ಕೊಟ್ಟಳು. ಕೊನೆಗೆ ತಾನೇ ಕೇಳಿದಳು: "ಏನ್ರಿ ಕಾಕಾ, ಮದವಿ ಮಾತಾಡಾಕ ಬಂದಂಗ ಕುಂತೀರಲ್ಲ?"

ಹೇಳಿದೆ. ಬೇವಿನ ಮರ, ಜೀಪು, ಬಿದ್ದುಹೋದ 'ಎರಡು', ಹಿಂದಿನ ಬೆಂಚು, ಟವೆಲು, ಎಲ್ಲ. ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಸುಳ್ಳು ಸೇರುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಅವಳು ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಟ್ಟಳು. ಆಮೇಲೆ ಕೇಳಿದಳು: "ಮೊದಲನೇ ಪ್ರಶ್ನಿ ಆ ಮಸಾಅ ಲಸಾಅದ್ದಲ್ರಿ? ಮಸಾಅ ಆರು, ಲಸಾಅ ಮೂವತ್ತಾರು. ಒಂದ ಸಂಖ್ಯಾ ಹನ್ನೆರಡಾದ್ರ ಇನ್ನೊಂದ ಎಷ್ಟ."

ಅವಳಿಗೆ ಅಂಕಿ ಸಮೇತ ನೆನಪಿತ್ತು. ಇಪ್ಪತ್ತು ವರ್ಷ.

"ನಾ ಹದಿನೆಂಟ ಅಂತ ಬರ್ದಿದ್ನಿ. ನೀವು ಮೂರ ಬಟ್ಟ ತೋರಿಸಿದ್ರಿ. ಹೊಡದ ಇಪ್ಪತ್ನಾಕ ಅಂತ ಬರ್ದ್ನಿ." ಅವಳ ದನಿ ಏರಿತು. "ಹದಿನೆಂಟ ಸರೀ ಇತ್ತನ್ರಿ?"

"ಸರೀ ಇತ್ತವಾ."

"ನಾಕೂ?"

"ನಾಕೂ."

ಅವಳು ಎದ್ದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಸುಲಭವಾಗುತ್ತಿತ್ತು. "ಇಪ್ಪತ್ತ ವರ್ಷ ನಾ ದಡ್ಡಿ ಅಂತ ಅತ್ತಿಗೆ ಹೇಳೇನಿ, ಗಂಡಗ ಹೇಳೇನಿ, ಈ ಹುಡಿಗಿಗೆ ದಿನಾ ಹೇಳೇನಿ. ಒಂದ ದಿನಾನೂ ನಿಮಗ ಈ ಕಡೆ ಬರಾಕ ಹಾದಿ ಸಿಗಲಿಲ್ಲೇನ್ರಿ? ಏಳ್ರಿ ಕಾಕಾ. ಎದ್ದ ಹೋಗ್ರಿ."

ಎದ್ದು ಹೋದೆ. ಎರಡು ದಿನ ಮನೆಯಿಂದ ಹೊರಬೀಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಮಹಾದೇವಿ, ಹಿಂದೆ ಚೀಲ ಹೆಗಲಿಗೆ ಹಾಕಿಕೊಂಡ ಭಾಗ್ಯಾ.

"ಇಕಿ ಸಾಲಿಗಿ ಹೊಂಟಾಳು. ನೀವೂ ಹೋಗ್ರಿ."

"ನಾನಾ? ಯಾಕ?"

"ತಪ್ಪ ಕಲಿಸಾಕ ಬರ್ತಿತ್ತಲ್ಲ, ಈಗ ಸರೀ ಕಲೀರಿ. ಇಕಿ ಬಾಜೂಕ ಕುಂದ್ರಬೇಕು. ಪರೀಕ್ಷಾ ಮುಗಿಯೂ ತನಕ ಒಂದ ದಿನಾನೂ ಬಿಡಂಗಿಲ್ಲ. ನೀವು ಬಿಟ್ಟ ದಿನ ನಾ ಇಕಿನ್ನ ಕುರಿ ಹಿಂದ ಕಳಸ್ತೀನಿ."

ನನ್ನ ಸೊಸೆ ಒಳಗಿನಿಂದ ಕಿವಿಗೊಟ್ಟು ಕೇಳಿ, ಮಾತಿಲ್ಲದೆ ಒಂದು ಹೊಸ ವಹಿ ತಂದು ಕೈಗಿಟ್ಟಳು. ಮೊದಲ ಪುಟದಲ್ಲಿ ಹೆಸರು, ತರಗತಿ ಬರೆಯುವ ಗೆರೆ. ಎಪ್ಪತ್ತು ದಾಟಿದವನು ಅಲ್ಲಿ ಏನು ಬರೆಯಬೇಕು?

ಗಣಿತದ ಟೀಚರಿಗೆ ಎಲ್ಲ ಹೇಳಿದೆ. ಆಕೆ ಬಹಳ ಹೊತ್ತು ಸೀಮೆಸುಣ್ಣ ತಿರುಗಿಸುತ್ತ ನಿಂತಳು. ನನ್ನಂಥವರು ಬಿಟ್ಟುಹೋದ ಹೊಲವನ್ನು ಹಸನು ಮಾಡುತ್ತಿರುವವಳು ಅವಳೇ. ಕೊನೆಗೆ, "ಕುಂದರ್ರಿ. ಆದ್ರ ಉತ್ತರ ಹೇಳಿಕೊಡಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ" ಎಂದಳು.

ಅಂದಿನಿಂದ ಬೆಳಿಗ್ಗೆ ಏಳಕ್ಕೆ ನಾನು ಕೊನೆಯ ಬೆಂಚಿನಲ್ಲಿ. ನಾನೇ ಒರೆಸಿ ಸಾಲು ಹಚ್ಚುತ್ತಿದ್ದ ಬೆಂಚುಗಳು ಇಷ್ಟು ಇಕ್ಕಟ್ಟು ಎಂದು ಕೂತ ಮೇಲೇ ತಿಳಿದದ್ದು. ಮಕ್ಕಳಿಗೆ ಸುಗ್ಗಿ. "ಅಜ್ಜಾ, ಹೋಮ್‌ವರ್ಕ್ ಮಾಡೀರೇನ್ರಿ?" "ಅಜ್ಜಾ, ಕಂಪಾಸ್ ಪೆಟ್ಟಿಗಿ ತಂದೀರಾ, ಎಲಿಅಡಕಿ ಚೀಲ ತಂದೀರಾ?" ಒಂದು ದಿನ ನನ್ನನ್ನು ಹಲಗೆಗೆ ಕರೆದು ತ್ರಿಭುಜ ಬರೆಯಲು ಹೇಳಿದರು. ಬರೆದೆ. ಹಿಂದಿನಿಂದ ಯಾರೋ "ಸಮೋಸಾ ಚಲೋ ಆಗೇತಿ" ಎಂದರು. ಹುಕ್ಕೇರಿಯಲ್ಲಿ ಎರಡು ಸಲ ಬಾರದ್ದು ಇಲ್ಲಿ ಒಮ್ಮೆಲೇ ಬರಲಿಲ್ಲ. ಆದರೆ ಒಂದು ದಿನವೂ ಬಿಡಲಿಲ್ಲ. ಜ್ವರ ಬಂದ ದಿನ ಕಂಬಳಿ ಹೊದ್ದು ಹೋಗಿ ಕೂತೆ.

ದೀಪಾವಳಿ ಮುಗಿಯಿತು. ಲಕ್ಕಪ್ಪ ಹಿಂಡು ಹೊಡೆದುಕೊಂಡು ಹೊರಟ ದಿನ ಊರ ಹೊರಗೆ ಸಿಕ್ಕ. ಕಡಿಮೆ ಮಾತಿನ ಮನುಷ್ಯ. ಕುದುರೆಯ ಮೇಲೆ ಹಂಚು, ಬೋಗುಣಿ ಹೇರಿದ್ದ. ರೊಟ್ಟಿಗೆ ಯಾರು ಎಂದು ಕೇಳಿದೆ.

"ನಾನ ಬಡೀತೀನ್ರಿ ಕಾಕಾ. ದುಂಡಗ ಬರೂದಿಲ್ಲ. ಕುರಿ ಏನ್ ನಗ್ತಾವೇನ್ರಿ?" ಎಂದು ಮುಂದೆ ಹೋದ.

ಸಂಜೆ ಶಾಲೆ ಬಿಟ್ಟ ಮೇಲೆ ದೊಡ್ಡಿಯಲ್ಲಿ ಎರಡನೆಯ ಪಾಠ. ಭಾಗ್ಯಾ ಮತ್ತು ನಾನು ವಹಿ ಹಿಡಿದು, ಮಹಾದೇವಿ ಒಲೆಯ ಮುಂದೆ. ಅವಳು ನನ್ನ ಜೊತೆ ಅಗತ್ಯಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಅದು ಅವಳ ಹಕ್ಕು. ಆದರೆ ಒಲೆಯ ಮುಂದಿನಿಂದಲೇ ಒಮ್ಮೊಮ್ಮೆ ನಮಗಿಂತ ಮೊದಲು ಉತ್ತರ ಬರುತ್ತದೆ. ನೀವೂ ಖಾಸಗಿಯಾಗಿ ಕಟ್ಟಿ ಪರೀಕ್ಷೆ ಬರೆಯಿರಿ ಎಂದು ಟೀಚರ್ ಮಹಾದೇವಿಗೆ ಹೇಳಿದ್ದಾಳೆ. "ಮೊದಲ ಇಕಿ ಪಾಸಾಗ್ಲಿ, ಆಮ್ಯಾಲ ನೋಡೂಣು" ಎನ್ನುತ್ತಾಳೆ.

ಮೊದಮೊದಲು ಭಾಗ್ಯಾ ಪ್ರತಿ ಸಾಲು ಬರೆದು ನನ್ನ ಮುಖ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಅದಕ್ಕೇ ನಾನು ಬೇರೆ ಕಡೆ ತಿರುಗಿ ಕೂರುತ್ತಿದ್ದೆ.

ನಿನ್ನೆ ಸಂಜೆ ಸಮಾಂತರ ಶ್ರೇಢಿಯ ಲೆಕ್ಕ ಕೊಟ್ಟಿದ್ದರು. ಮೂರು, ಏಳು, ಹನ್ನೊಂದು, ಹೀಗೆ ಹೋದರೆ ಇಪ್ಪತ್ತನೆಯ ಪದ ಯಾವುದು. ನಾಲ್ಕು ನಾಲ್ಕು ಏರುತ್ತದೆ, ಇಪ್ಪತ್ತು ನಾಲ್ಕಲೆ ಎಂಬತ್ತು, ಮೊದಲಿನ ಮೂರು ಕೂಡಿಸಿದರೆ ಎಂಬತ್ಮೂರು. ನಾನು ಮೊದಲೇ ಮುಗಿಸಿ ಹೆಮ್ಮೆಯಿಂದ ವಹಿ ತೋರಿಸಿದೆ. ಭಾಗ್ಯಾ ತನ್ನದನ್ನು ನೋಡಿದಳು, ನನ್ನದನ್ನು ನೋಡಿದಳು.

"ನಿಮ್ಮದು ತಪ್ಪೈತ್ರಿ ಅಜ್ಜಾ. ಎಪ್ಪತ್ತೊಂಬತ್ತ ಬರ್ತೈತಿ."

"ಇಲ್ಲವಾ, ಎಂಬತ್ಮೂರು. ಸರೀ ನೋಡು." ಖಂಡಿತ ನನ್ನದೇ ಸರಿ ಎಂದುಕೊಂಡಿದ್ದೆ. ಗೋಣನ್ನೂ ಗಟ್ಟಿಯಾಗಿ ಹಾಕಿದೆ.

ಒಲೆಯ ಮುಂದೆ ರೊಟ್ಟಿಯ ಸದ್ದು ನಿಂತಿತು.

"ನೋಡೇನ್ರಿ. ಎಪ್ಪತ್ತೊಂಬತ್ತ." ಹುಡುಗಿ ಪೆನ್ನು ಮುಟ್ಟಲಿಲ್ಲ. "ನೀವು ಇಪ್ಪತ್ತ ಸಲ ಏರಿಸೀರಿ. ಹತ್ತೊಂಬತ್ತ ಸಲ ಏರಿಸಬೇಕ್ರಿ."

"ಇಪ್ಪತ್ತನೇ ಪದಕ್ಕ ಹತ್ತೊಂಬತ್ತ ಯಾಕವಾ?"

ಅವಳು ಮರಿಗಳಿಗೆ ಬಲೆ ಕಟ್ಟಲು ಸಾಲಾಗಿ ಬಡಿದ ಗೂಟಗಳ ಕಡೆ ಕೈ ಮಾಡಿದಳು. "ಗೂಟ ಎಷ್ಟ ಅದಾವ ಎಣಸ್ರಿ. ಆಮ್ಯಾಲ ನಡುವಿನ ಸಂದ ಎಣಸ್ರಿ. ಹೋಗ್ರಿ."

ಎದ್ದು ಹೋಗಿ ಒಂದೊಂದು ಗೂಟವನ್ನು ಮುಟ್ಟಿ ಎಣಿಸಿದೆ. ಹನ್ನೊಂದು ಗೂಟ. ತಿರುಗಿ ಬಂದು ಸಂದುಗಳನ್ನು ಎಣಿಸಿದೆ. ಹತ್ತು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದೆ. ಮರಿಗಳು ನನ್ನನ್ನೇ ನೋಡುತ್ತಿದ್ದವು. ಹಿಂದೆ ಮಹಾದೇವಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

"ನಿಂದ ಸರೀ ಐತವಾ" ಎನ್ನುತ್ತ ಬಂದು ಕೂತು ವಹಿ ತೆಗೆದೆ. ಭಾಗ್ಯಾ ತಲೆ ಎತ್ತಲಿಲ್ಲ. ಅವಳು ಆಗಲೇ ಮುಂದಿನ ಲೆಕ್ಕದಲ್ಲಿದ್ದಳು.